ಡಾಕ್ಟರ್ ಭೇಟಿಗೆ ಕ್ಯೂ: ಯಾವ ದೇಶದಲ್ಲಿ ಎಲ್ಲಿ ಕಾಯಬೇಕು, ಕಾಯುವುದನ್ನು ಹೇಗೆ ತಗ್ಗಿಸಬೇಕು

ಡಾಕ್ಟರಿಗಾಗಿ ಕಾಯಬೇಕಿಲ್ಲದ ದೇಶ ಯಾವುದೂ ಇಲ್ಲ. ಕ್ಯೂ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ಕಡೆ ನಿಂತಿರುತ್ತದೆ. ಇಂಗ್ಲೆಂಡಿನಲ್ಲಿ ಅದು ಬೆಳಗ್ಗೆ ಎಂಟರ ಫೋನ್ ಲೈನಿನಲ್ಲಿದೆ, ಆಮೇಲೆ ಆಸ್ಪತ್ರೆಯ ವೇಯ್ಟಿಂಗ್ ಲಿಸ್ಟಿನಲ್ಲಿ. ಕೆನಡಾದಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗುವ ಮೊದಲೇ ಶುರುವಾಗುತ್ತದೆ. ಜರ್ಮನಿಯಲ್ಲಿ ಸ್ಪೆಷಲಿಸ್ಟರ ಡೈರಿಯಲ್ಲಿ, ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿಯ ಕಡತದಲ್ಲಿ, ಜಪಾನಿನಲ್ಲಿ ಆಸ್ಪತ್ರೆಯ ಹಾಲಿನ ಕುರ್ಚಿಯ ಮೇಲೆ. ನೀವಿರುವ ದೇಶದಲ್ಲಿ ಕ್ಯೂ ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಅದು ಇಲ್ಲದ ಕಡೆ ಎಷ್ಟು ಜಗಳವಾಡಿದರೂ, ಎಷ್ಟು ಬೇಡಿಕೊಂಡರೂ ಒಂದು ದಿನವೂ ಮುಂದೆ ಸರಿಯುವುದಿಲ್ಲ.

ಕಾಯಿಲೆ ಬರುವ ಮೊದಲೇ ಆಗಬೇಕಾದ ಕೆಲಸ

ಹೊಸ ದೇಶಕ್ಕೆ ಹೋದವರಲ್ಲಿ ಹೆಚ್ಚಿನವರು ಮನೆ, ಸಿಮ್, ಬ್ಯಾಂಕು ಎಲ್ಲ ಮಾಡಿಕೊಂಡು ಡಾಕ್ಟರ ವಿಷಯವನ್ನು ಜ್ವರ ಬಂದ ಮೇಲೆ ನೋಡಿದರಾಯಿತು ಎಂದು ಬಿಡುತ್ತಾರೆ. ಬಾಯಾರಿದಾಗ ಬಾವಿ ತೋಡಿದ ಹಾಗೆ. ಎಷ್ಟೋ ದೇಶಗಳಲ್ಲಿ ನೋಂದಣಿ ಇಲ್ಲದವರಿಗೆ ಸಾಮಾನ್ಯ ಅಪಾಯಿಂಟ್‌ಮೆಂಟ್ ಸಿಗುವುದೇ ಇಲ್ಲ.

ಇಂಗ್ಲೆಂಡಿನಲ್ಲಿ ಮನೆಗೆ ಹತ್ತಿರದ ಜಿಪಿ (ಅಂದರೆ ಸಾಮಾನ್ಯ ಕಾಯಿಲೆಗಳನ್ನು ಮೊದಲು ನೋಡುವ ಮನೆ ಡಾಕ್ಟರ್) ಕ್ಲಿನಿಕ್ಕಿನಲ್ಲಿ ಹೆಸರು ಬರೆಸಬೇಕು. ಆನ್‌ಲೈನಿನಲ್ಲೋ ಜಿಎಂಎಸ್1 ಎಂಬ ಫಾರ್ಮಿನಲ್ಲೋ ಆಗುತ್ತದೆ, ಶುಲ್ಕ ಇಲ್ಲ. ವಿಳಾಸದ ಪುರಾವೆ, ಪಾಸ್‌ಪೋರ್ಟ್ ತನ್ನಿ ಎಂದು ಕೌಂಟರಿನಲ್ಲಿ ಕೇಳುವುದುಂಟು. ಇದ್ದರೆ ಕೊಡಿ, ಇಲ್ಲದಿದ್ದರೂ ನೋಂದಣಿ ನಿರಾಕರಿಸಲು ಅದು ಕಾರಣವಾಗುವುದಿಲ್ಲ. ನಿರಾಕರಿಸಿದರೆ 14 ದಿನದೊಳಗೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಹಾಗೆಂದು ವಿನಯದಿಂದ ನೆನಪಿಸಿದರೆ ಎಷ್ಟೋ ಸಲ ಫಾರ್ಮ್ ತಾನಾಗಿ ಹೊರಗೆ ಬರುತ್ತದೆ. ಉದ್ದದ ವೀಸಾದವರು ಹೆಲ್ತ್ ಸರ್‌ಚಾರ್ಜ್ ಎಂದು ಮೊದಲೇ ಕಟ್ಟಿರುತ್ತಾರೆ. 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18ರೊಳಗಿನವರಿಗೂ 776. ಅಷ್ಟು ಕಟ್ಟಿದ ಮೇಲೂ ಹೆಸರು ಬರೆಸದೆ ಕೂರುವುದು ಟಿಕೆಟ್ ತೆಗೆದುಕೊಂಡು ಬಸ್ಸು ಹತ್ತದೆ ನಿಂತಂತೆ.

ಕೆನಡಾದಲ್ಲಿ ಆರೋಗ್ಯ ವಿಮೆ ಪ್ರಾಂತ್ಯಗಳ ಕೈಯಲ್ಲಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳು, ಅದರ ಮೇಲೆ ಇನ್ನೆರಡು ತಿಂಗಳು ಕಳೆದ ಮೇಲಷ್ಟೇ ವಿಮೆ ಶುರು. ಕ್ವಿಬೆಕ್‌ನಲ್ಲಿ ಮೂರು ತಿಂಗಳವರೆಗೂ ಆಗಬಹುದು. ಒಂಟಾರಿಯೊ 2020ರಲ್ಲಿ ಈ ಮೂರು ತಿಂಗಳ ಕಾಯುವಿಕೆಯನ್ನು ತೆಗೆದುಹಾಕಿತು. ಖಾಲಿ ಇರುವ ಆ ತಿಂಗಳುಗಳಿಗೆ ಹೊರಡುವ ಮೊದಲೇ ಖಾಸಗಿ ವಿಮೆ ಮಾಡಿಸಿಕೊಳ್ಳಿ. ಕಾರ್ಡ್ ಕೈಗೆ ಬಂದ ದಿನವೇ ಫ್ಯಾಮಿಲಿ ಡಾಕ್ಟರ್ ಬೇಕೆಂಬ ಸರ್ಕಾರಿ ಪಟ್ಟಿಗೆ ಹೆಸರು ಸೇರಿಸಿ. ಒಂಟಾರಿಯೊದಲ್ಲಿ ಅದರ ಹೆಸರು ಹೆಲ್ತ್ ಕೇರ್ ಕನೆಕ್ಟ್. ಪಟ್ಟಿಯನ್ನೇ ನಂಬಿ ಕೂರಬೇಡಿ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡುವ, ಅಥವಾ ನಿವೃತ್ತರಾಗುವವರ ಜಾಗಕ್ಕೆ ಬರುವ ಡಾಕ್ಟರ್ ಯಾರಾದರೂ ಇದ್ದಾರೆಯೇ ಎಂದು ಸುತ್ತಮುತ್ತಲ ಕ್ಲಿನಿಕ್ಕುಗಳಿಗೆ ನೀವೇ ಫೋನ್ ಮಾಡಿ.

ನೆದರ್‌ಲೆಂಡ್ಸ್‌ನಲ್ಲಿ ಬಂದು ನಾಲ್ಕು ತಿಂಗಳೊಳಗೆ ಮೂಲ ವಿಮೆ ಮಾಡಿಸಬೇಕು, ಪ್ರೀಮಿಯಂ ಮಾತ್ರ ಮೊದಲ ದಿನದಿಂದಲೇ ಲೆಕ್ಕ. ತಡ ಮಾಡಿದರೆ ಉಳಿಯುವುದು ಏನೂ ಇಲ್ಲ. ವಿಮೆಯ ಜೊತೆಗೇ ಹೌಸಾರ್ಟ್ಸ್, ಅಂದರೆ ಅಲ್ಲಿನ ಮನೆ ಡಾಕ್ಟರ ಬಳಿ ಹೆಸರು ಬರೆಸಿ. ಜಪಾನಿನಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಇರುವವರು ಕಂಪನಿಯ ವಿಮೆ ಇಲ್ಲದಿದ್ದರೆ ನಗರ ಕಚೇರಿಯಲ್ಲಿ ರಾಷ್ಟ್ರೀಯ ವಿಮೆಗೆ ಸೇರಲೇಬೇಕು. ಆಸ್ಟ್ರೇಲಿಯಾದಲ್ಲಿ ಯಾವ ಜಿಪಿಯ ಬಳಿಯಾದರೂ ಹೋಗಬಹುದು; ಬುಕ್ ಮಾಡುವಾಗ ಬಲ್ಕ್ ಬಿಲ್ ಮಾಡುತ್ತೀರಾ ಎಂದಷ್ಟೇ ಕೇಳಿಕೊಳ್ಳಿ. ಮಾಡಿದರೆ ಪೂರ್ತಿ ಹಣ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿಂದ ಹೋಗುತ್ತದೆ, ಇಲ್ಲವಾದರೆ ವ್ಯತ್ಯಾಸ ನಿಮ್ಮ ಜೇಬಿನಿಂದ.

ಮೊದಲ ಫೋನ್ ಕರೆ

ರಿಸೆಪ್ಷನಿಸ್ಟ್ ಕೇಳುವ "ಏನು ತೊಂದರೆ?" ಎಂಬ ಪ್ರಶ್ನೆಯನ್ನು ಕೆಲವರು ಇವರಿಗ್ಯಾಕೆ ಹೇಳಬೇಕು ಎಂದು ಮುಚ್ಚಿಡುತ್ತಾರೆ. ಇಂಗ್ಲೆಂಡ್, ನೆದರ್‌ಲೆಂಡ್ಸ್, ಸ್ವೀಡನ್ನಿನಂಥ ಕಡೆ ಅದು ಕುತೂಹಲದ ಪ್ರಶ್ನೆಯಲ್ಲ. ಇವತ್ತೇ ಡಾಕ್ಟರ್ ನೋಡಬೇಕೇ, ನರ್ಸ್ ಸಾಕೇ, ಮುಂದಿನ ವಾರಕ್ಕೆ ಹಾಕಬಹುದೇ ಎಂದು ವಿಂಗಡಿಸುವುದು ಆ ಉತ್ತರದ ಮೇಲೆಯೇ. "ಸ್ವಲ್ಪ ಹುಷಾರಿಲ್ಲ" ಎಂದವರು ಎರಡು ವಾರ ಆಚೆ ಹೋಗುತ್ತಾರೆ.

ಹೇಳಬೇಕಾದ್ದು ನಾಲ್ಕೇ ಮಾತು: ಏನು, ಎಷ್ಟು ದಿನದಿಂದ, ಏನು ಹೆಚ್ಚಾಗಿದೆ, ಅದರಿಂದ ಯಾವ ಕೆಲಸ ಆಗುತ್ತಿಲ್ಲ. ಉದಾಹರಣೆಗೆ, "ಬಲ ಮೊಣಕಾಲು ಊದಿ ಆರು ದಿನ ಆಯಿತು. ನಿನ್ನೆಯಿಂದ ಬಿಸಿಯಾಗಿದೆ, ರಾತ್ರಿ 38.5 ಡಿಗ್ರಿ ಜ್ವರ ಇತ್ತು. ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಡಯಾಬಿಟಿಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ." ಇದನ್ನು ಕೇಳಿದ ಯಾರೂ ಮುಂದಿನ ವಾರ ಬನ್ನಿ ಎನ್ನುವುದಿಲ್ಲ. ಇದೇ ಮನುಷ್ಯ "ಮಂಡಿ ನೋವು" ಎಂದಿದ್ದರೆ ಫಿಸಿಯೋಥೆರಪಿ ಪಟ್ಟಿಗೆ ಹೋಗುತ್ತಿದ್ದ. ಬಿಸಿ, ಊತ, ಜ್ವರ ಮೂರೂ ಸೇರಿದರೆ ಕೀಲಿನೊಳಗೆ ಸೋಂಕು ಇರಬಹುದು, ಅದು ತಡ ಮಾಡುವಂಥ ಕಾಯಿಲೆಯಲ್ಲ. ಹಾಗೆಂದು ಇಲ್ಲದ ಎದೆನೋವನ್ನು ಸೇರಿಸಿ ಹೇಳಬೇಡಿ. ಆ ಒಂದು ಮಾತಿಗೆ ಆಂಬುಲೆನ್ಸ್ ಬರುತ್ತದೆ, ನಿಮ್ಮ ಮೊಣಕಾಲು ಹಾಗೇ ಉಳಿಯುತ್ತದೆ.

ಕೊನೆಗೆ ಇನ್ನೊಂದು ವಾಕ್ಯ: "ಯಾರಾದರೂ ರದ್ದು ಮಾಡಿದರೆ ಎರಡು ಗಂಟೆ ಮೊದಲು ಹೇಳಿದರೂ ಬರುತ್ತೇನೆ." ಕ್ಯಾನ್ಸಲೇಷನ್ ಲಿಸ್ಟ್ ಎಂಬುದು ಹೆಚ್ಚುಕಡಿಮೆ ಎಲ್ಲ ಕಡೆ ಇದೆ, ಆದರೆ ಕೇಳದವರ ಹೆಸರು ಅದಕ್ಕೆ ಸೇರುವುದಿಲ್ಲ. ನೆನಪಿನ ಮೆಸೇಜ್ ಹೋಗುವುದು ಒಂದೆರಡು ದಿನ ಮೊದಲು. ಜನ ರದ್ದು ಮಾಡುವುದೂ ಆಗಲೇ.

ಇಂಗ್ಲೆಂಡ್: ಎಂಟು ಗಂಟೆಯ ಫೋನಿನಿಂದ 18 ವಾರದ ಗಡಿಯಾರದವರೆಗೆ

ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, 1948ರ ಜುಲೈ 5ರಂದು ಶುರುವಾಯಿತು. ಡಾಕ್ಟರನ್ನು ಕಾಣಲು ದುಡ್ಡಿಲ್ಲ. ಆ ದುಡ್ಡಿನ ಜಾಗದಲ್ಲಿ ಕ್ಯೂ ಇದೆ. ಅನೇಕ ಕ್ಲಿನಿಕ್ಕುಗಳು ಆಯಾ ದಿನದ ಅಪಾಯಿಂಟ್‌ಮೆಂಟುಗಳನ್ನು ಬೆಳಗ್ಗೆ 8ಕ್ಕೆ ಬಿಡುತ್ತವೆ, 8.15ರ ಹೊತ್ತಿಗೆ ಮುಗಿದಿರಬಹುದು. ತುರ್ತಿಲ್ಲದ ವಿಷಯಕ್ಕೆ ಈ ಓಟಕ್ಕೆ ಇಳಿಯಲೇಬೇಡಿ. 2025ರ ಅಕ್ಟೋಬರ್‌ನಿಂದ ಕ್ಲಿನಿಕ್ಕುಗಳು ಆನ್‌ಲೈನ್ ಫಾರ್ಮನ್ನು ಬೆಳಗ್ಗೆ 8ರಿಂದ ಸಂಜೆ 6.30ರವರೆಗೆ ತೆರೆದಿಡಬೇಕು, ಮೇಲಿನ ನಾಲ್ಕು ಮಾತು ಅಲ್ಲಿ ಬರೆದರೆ ಆಯಿತು.

ಎಷ್ಟೋ ವಿಷಯಕ್ಕೆ ಜಿಪಿ ಬೇಕಾಗಿಯೇ ಇಲ್ಲ. 2024ರ ಜನವರಿ 31ರಿಂದ ಔಷಧದಂಗಡಿಯ ಫಾರ್ಮಸಿಸ್ಟರೇ ಏಳು ತೊಂದರೆಗಳಿಗೆ ನೋಡಿ ಔಷಧ ಕೊಡಬಹುದು: ಸೈನಸ್, ಗಂಟಲು ನೋವು, ಕಿವಿ ನೋವು, ಸೋಂಕಾದ ಕೀಟದ ಕಡಿತ, ಇಂಪೆಟೈಗೊ ಎಂಬ ಚರ್ಮದ ಸೋಂಕು, ಸರ್ಪಸುತ್ತು, 16ರಿಂದ 64 ವಯಸ್ಸಿನ ಹೆಂಗಸರ ಉರಿಮೂತ್ರ. ಕೆಲವಕ್ಕೆ ವಯಸ್ಸಿನ ಮಿತಿ ಇದೆ. ಖಿನ್ನತೆ, ಆತಂಕಕ್ಕೆ ಮಾತಿನ ಚಿಕಿತ್ಸೆ ಬೇಕೆಂದರೆ ನೀವೇ ನೇರ ಅರ್ಜಿ ಹಾಕಬಹುದು. ಬಹಳ ಕಡೆ ಫಿಸಿಯೋಥೆರಪಿಗೂ ಹಾಗೇ. ರಾತ್ರಿ ಹೊತ್ತಿನಲ್ಲಿ 111 ಎಂಬ ಸಹಾಯವಾಣಿಗೆ ಫೋನ್ ಮಾಡಿ.

ಇನ್ನು ಆಸ್ಪತ್ರೆಯ ಕ್ಯೂ. ಜಿಪಿ ನಿಮ್ಮನ್ನು ಸ್ಪೆಷಲಿಸ್ಟರ ಬಳಿಗೆ ಬರೆದು ಕಳಿಸುವುದಕ್ಕೆ ರೆಫರಲ್ ಎನ್ನುತ್ತಾರೆ. ನಿಯಮದ ಪ್ರಕಾರ ರೆಫರಲ್‌ನಿಂದ ಚಿಕಿತ್ಸೆ ಶುರುವಾಗುವವರೆಗೆ 18 ವಾರ, ನೂರರಲ್ಲಿ 92 ಮಂದಿಗೆ. ವರ್ಷಗಳಿಂದ ಈ ಗುರಿ ಮುಟ್ಟಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕಾಯುವ ಪಟ್ಟಿ 77 ಲಕ್ಷ ದಾಟಿತ್ತು. ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಜಿಪಿ ರೆಫರಲ್ ಕಳಿಸಿದ ಮೇಲೆ ನಿಮಗೊಂದು ಬುಕಿಂಗ್ ನಂಬರೂ ಪಾಸ್‌ವರ್ಡೂ ಬರುತ್ತದೆ. ನೀವೇ ಆಸ್ಪತ್ರೆ ಆರಿಸಿ ಬುಕ್ ಮಾಡುವ ವ್ಯವಸ್ಥೆಯಲ್ಲಿ 18 ವಾರದ ಗಡಿಯಾರ ಓಡಲು ಶುರುವಾಗುವುದು ಬುಕ್ ಮಾಡಿದ ದಿನದಿಂದ. ಆ ಪತ್ರವನ್ನು ಟೇಬಲ್ ಮೇಲೆ ಮೂರು ವಾರ ಬಿಟ್ಟರೆ ಆ ಮೂರು ವಾರ ಯಾರ ಲೆಕ್ಕದಲ್ಲೂ ಇಲ್ಲ. ಬುಕ್ ಮಾಡುವಾಗ ಹತ್ತಿರದ ಒಂದೇ ಆಸ್ಪತ್ರೆಗೆ ಅಂಟಿಕೊಳ್ಳಬೇಡಿ. ಆಯ್ಕೆ ನಿಮ್ಮದು, ಎನ್‌ಎಚ್‌ಎಸ್ ಕೆಲಸ ಮಾಡುವ ಖಾಸಗಿ ಆಸ್ಪತ್ರೆಗಳೂ ಆ ಪಟ್ಟಿಯಲ್ಲಿರುತ್ತವೆ. ಒಂದೂವರೆ ಗಂಟೆ ರೈಲಿನಾಚೆ ಕ್ಯೂ ಅರ್ಧ ಇರಬಹುದು. 18 ವಾರ ಮೀರಿದರೆ ಬೇರೆ ಕಡೆ ವ್ಯವಸ್ಥೆ ಮಾಡಿ ಎಂದು ಕೇಳುವ ಹಕ್ಕೂ ಇದೆ.

ಕ್ಯಾನ್ಸರ್ ಶಂಕೆ ಇದ್ದರೆ ಬೇರೆ ದಾರಿ: 28 ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು, ಹೌದಾದರೆ ರೆಫರಲ್‌ನಿಂದ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬ ಗುರಿ. ಜಿಪಿಯನ್ನು ಕೇಳಿ, "ಇದು ಕ್ಯಾನ್ಸರ್ ಶಂಕೆಯ ದಾರಿಯಲ್ಲಿ ಹೋಗಿದೆಯೇ, ಸಾಮಾನ್ಯ ದಾರಿಯಲ್ಲೇ?" ಉತ್ತರ ಯಾವುದಾದರೂ ನಿಮಗೆ ಗೊತ್ತಿರಬೇಕು.

ಜರ್ಮನಿ: ಹನ್ನೆರಡು ಅಕ್ಷರದ ಕೋಡು

ಜರ್ಮನಿಯ ಸಾರ್ವಜನಿಕ ವಿಮೆಯ ಬೇರು ಬಿಸ್ಮಾರ್ಕನ ಕಾಲದ 1883ರ ಕಾನೂನಿನಲ್ಲಿದೆ. ಡಾಕ್ಟರನ್ನು ಆರಿಸುವ ಸ್ವಾತಂತ್ರ್ಯ ಇಲ್ಲಿ ಹೆಚ್ಚು, ಮನೆ ಡಾಕ್ಟರ್ ಸಾಮಾನ್ಯವಾಗಿ ಬೇಗ ಸಿಗುತ್ತಾರೆ. ಚರ್ಮ, ನರ, ಹೃದಯದ ತಜ್ಞರ ಬಳಿ ಮಾತ್ರ "ಮೂರು ತಿಂಗಳ ನಂತರ" ಎಂಬ ಮಾತು ಮಾಮೂಲು. ಅದರಲ್ಲೂ ಖಾಸಗಿ ವಿಮೆಯವರಿಗೆ ಮುಂದಿನ ವಾರ, ಸಾರ್ವಜನಿಕ ವಿಮೆಯವರಿಗೆ ಮುಂದಿನ ಋತು. ಡಾಕ್ಟರಿಗೆ ಸಿಗುವ ಹಣದಲ್ಲಿ ವ್ಯತ್ಯಾಸ ಇರುವುದರಿಂದ ಹೀಗೆ.

ಇದನ್ನು ದಾಟಲು ಒಳ್ಳೆಯ ಸಾಧನ ಒಂದಿದೆ, ಬಂದು ವರ್ಷಗಳಾದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಮನೆ ಡಾಕ್ಟರ್ ಬರೆದುಕೊಡುವ ರೆಫರಲ್ ಚೀಟಿಗೆ ಊಬರ್‌ವೈಝುಂಗ್ ಎನ್ನುತ್ತಾರೆ. ವಿಷಯ ತಡ ಮಾಡುವಂಥದ್ದಲ್ಲ ಎಂದು ಅವರಿಗೂ ಅನ್ನಿಸಿದರೆ ಅದರ ಮೇಲೆ 12 ಅಕ್ಷರ-ಅಂಕಿಗಳ ಒಂದು ಕೋಡ್ ಹಾಕಿಕೊಡುತ್ತಾರೆ. ಕೇಳದಿದ್ದರೆ ಹಾಕದೆ ಬಿಡುವುದೂ ಉಂಟು. ಆದ್ದರಿಂದ ಚೀಟಿ ಕೈಗೆ ಬಂದ ಕೂಡಲೇ, ಬಾಗಿಲು ದಾಟುವ ಮೊದಲೇ ನೋಡಿಕೊಳ್ಳಿ. ಕೋಡ್ ಇಲ್ಲದಿದ್ದರೆ "ಫೆರ್‌ಮಿಟ್‌ಲುಂಗ್ಸ್‌ಕೋಡ್ ಸಿಗುತ್ತದೆಯೇ?" ಎಂದು ಕೌಂಟರಿನಲ್ಲಿ ಕೇಳಿ. ಆಮೇಲೆ ಅಪಾಯಿಂಟ್‌ಮೆಂಟ್ ಕೊಡಿಸುವ ಸಹಾಯವಾಣಿ 116117ಕ್ಕೆ ಫೋನ್ ಮಾಡಿ, ಅಥವಾ ಅವರ ವೆಬ್‌ಸೈಟಿನಲ್ಲಿ ಕೋಡ್ ಹಾಕಿ. ಒಂದು ವಾರದೊಳಗೆ ಅವರು ನಿಮಗೊಂದು ಅಪಾಯಿಂಟ್‌ಮೆಂಟ್ ಸೂಚಿಸಬೇಕು, ಅದು ಮುಂದಿನ ನಾಲ್ಕು ವಾರದೊಳಗಿನದಾಗಿರಬೇಕು. ಹೊರಗೆ ಯಾರೂ ಸಿಗದಿದ್ದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೊಡಿಸಬೇಕು. ಕಣ್ಣು ಮತ್ತು ಸ್ತ್ರೀರೋಗ ತಜ್ಞರಿಗೆ, ಮಕ್ಕಳ ಡಾಕ್ಟರಿಗೆ, ಮನೆ ಡಾಕ್ಟರಿಗೆ ಕೋಡ್ ಬೇಕಿಲ್ಲ. ಆದರೆ ಇಂಥವರೇ ಬೇಕು, ಮನೆ ಹತ್ತಿರವೇ ಬೇಕು, ಸಂಜೆಯೇ ಬೇಕು ಎನ್ನುವಂತಿಲ್ಲ. ಕೊಟ್ಟಲ್ಲಿಗೆ ಹೋಗಬೇಕು.

ಇನ್ನೊಂದು ದಾರಿ ಇದಕ್ಕಿಂತ ಚುರುಕು: ಮನೆ ಡಾಕ್ಟರ ಕಚೇರಿಯಿಂದಲೇ ಸ್ಪೆಷಲಿಸ್ಟರಿಗೆ ಫೋನ್ ಮಾಡಿಸಿ ಸಮಯ ಗೊತ್ತು ಮಾಡಿಸುವುದು. ಹೀಗೆ ಬಂದ ರೋಗಿಯನ್ನು ಬೇಗ ನೋಡಿದಷ್ಟೂ ಸ್ಪೆಷಲಿಸ್ಟರಿಗೆ ಹೆಚ್ಚುವರಿ ಹಣ ಸಿಗುತ್ತದೆ, ಫೋನ್ ಮಾಡಿದವರಿಗೂ ಒಂದಿಷ್ಟು. ಮೂರನೆಯದು, ಚರ್ಮ, ಕಣ್ಣು, ಕಿವಿ-ಮೂಗು-ಗಂಟಲು, ಮೂಳೆ ಮುಂತಾದ ವಿಭಾಗಗಳ ಡಾಕ್ಟರುಗಳು ವಾರಕ್ಕೆ ಕನಿಷ್ಠ ಐದು ಗಂಟೆ ಅಪಾಯಿಂಟ್‌ಮೆಂಟ್ ಇಲ್ಲದವರಿಗಾಗಿ ತೆರೆದಿಡಬೇಕು. ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಹೋಗಿ, ಪುಸ್ತಕ ಒಯ್ಯಿರಿ.

ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಡಾಕ್ಟರುಗಳ ಹಣದ ಲೆಕ್ಕ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಿಂದ ಹೊಸ ಅವಧಿ. ಅವಧಿ ಮುಗಿಯುವ ಹೊತ್ತಿಗೆ ಬಜೆಟ್ ತುಂಬಿದ ಕ್ಲಿನಿಕ್ಕುಗಳು ಹೊಸಬರನ್ನು ಮುಂದೂಡುವುದು ಸಾಮಾನ್ಯ. ತುರ್ತಿಲ್ಲದಿದ್ದರೆ ಹೊಸ ಅವಧಿಯ ಮೊದಲ ವಾರ ಫೋನ್ ಮಾಡಿ. ವಿಮೆ ಕಾರ್ಡನ್ನೂ ಪ್ರತಿ ಅವಧಿಗೆ ಒಮ್ಮೆ ಓದಿಸಬೇಕು, ಮರೆತು ಹೋದರೆ ಮಾತ್ರೆ ಚೀಟಿಗೂ ತಕರಾರು. ಇನ್ನು ಸಣ್ಣ ಶೀತ ಜ್ವರಕ್ಕೆ ಆಫೀಸಿಗೆ ಕೊಡುವ ರಜೆ ಚೀಟಿಗಾಗಿ ಕ್ಯೂ ನಿಲ್ಲಬೇಕಿಲ್ಲ. ಡಾಕ್ಟರಿಗೆ ನೀವು ಪರಿಚಿತರಾಗಿದ್ದು ಕಾಯಿಲೆ ಗಂಭೀರವಲ್ಲದಿದ್ದರೆ ಐದು ದಿನದವರೆಗೆ ಫೋನಿನಲ್ಲೇ ಕೊಡಬಹುದು, 2023ರ ಡಿಸೆಂಬರ್‌ನಿಂದ ಇದು ಕಾಯಂ ನಿಯಮ.

ಅಮೆರಿಕ: ಡಾಕ್ಟರ್ ಹತ್ತಿರ, ಒಪ್ಪಿಗೆ ದೂರ

ಇಲ್ಲಿ ಎರಡು ಕ್ಯೂ. ಮೊದಲನೆಯದು ಹೊಸ ರೋಗಿಯ ಕ್ಯೂ. ಕ್ಲಿನಿಕ್ಕುಗಳು ಹೊಸ ರೋಗಿಗೆ ಹೆಚ್ಚು ಹೊತ್ತಿನ ಸ್ಲಾಟ್ ಇಡುತ್ತವೆ, ಅಂಥವು ದಿನಕ್ಕೆ ಕೆಲವೇ. ಹಳೆಯ ರೋಗಿಯಾದರೆ ಮರುದಿನವೇ ಸಿಗಬಹುದು. ಮೂರು ವರ್ಷ ಆ ಕ್ಲಿನಿಕ್ಕಿನ ಆ ವಿಭಾಗದ ಯಾರನ್ನೂ ಕಾಣದಿದ್ದರೆ ನೀವು ಮತ್ತೆ ಹೊಸ ರೋಗಿ. ಹಾಗಾಗಿ ಆರೋಗ್ಯವಾಗಿರುವಾಗಲೇ ಒಂದು ವಾರ್ಷಿಕ ತಪಾಸಣೆ ಮಾಡಿಸಿ ಹಳಬರಾಗಿರಿ. ಬಹುತೇಕ ವಿಮೆಗಳಲ್ಲಿ ಅದಕ್ಕೆ ಕೈಯಿಂದ ಖರ್ಚಿಲ್ಲ. ಡಾಕ್ಟರ್ ತುಂಬಿಹೋಗಿದ್ದರೆ ಅದೇ ಕಚೇರಿಯ ನರ್ಸ್ ಪ್ರಾಕ್ಟಿಷನರ್ ಅಥವಾ ಫಿಸಿಷಿಯನ್ ಅಸಿಸ್ಟೆಂಟ್ (ಡಾಕ್ಟರಲ್ಲದಿದ್ದರೂ ರೋಗಿಯನ್ನು ನೋಡಿ ಔಷಧ ಬರೆಯುವವರು) ಅವರನ್ನು ಕಾಣಬಹುದೇ ಎಂದು ಕೇಳಿ. ವಾರಗಳ ಉಳಿತಾಯ ಆಗುವುದು ಇಲ್ಲೇ.

ವಿಮೆ ಕಂಪನಿಯ ವೆಬ್‌ಸೈಟಿನಲ್ಲಿರುವ ಡಾಕ್ಟರ್ ಪಟ್ಟಿಯನ್ನು ಹಾಗೇ ನಂಬಬೇಡಿ. ನಿವೃತ್ತರಾದವರು, ಊರು ಬಿಟ್ಟವರು, ಹೊಸಬರನ್ನು ತೆಗೆದುಕೊಳ್ಳದವರು ಎಲ್ಲ ಅದರಲ್ಲಿರುತ್ತಾರೆ. ಕ್ಲಿನಿಕ್ಕಿಗೇ ಫೋನ್ ಮಾಡಿ ಕಾರ್ಡಿನ ಮೇಲಿರುವ ಪ್ಲಾನಿನ ಪೂರ್ತಿ ಹೆಸರು ಓದಿ, "ಈ ಪ್ಲಾನಿಗೆ ನೀವು ನೆಟ್‌ವರ್ಕಿನಲ್ಲಿದ್ದೀರಾ?" ಎಂದು ಕೇಳಿ. ನೆಟ್‌ವರ್ಕ್ ಎಂದರೆ ವಿಮೆ ಕಂಪನಿಯ ಜೊತೆ ದರದ ಒಪ್ಪಂದ ಮಾಡಿಕೊಂಡ ಡಾಕ್ಟರುಗಳ ಗುಂಪು. "ಈ ಇನ್ಶೂರೆನ್ಸ್ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ ಹೌದೆಂದೇ ಉತ್ತರ ಬರುತ್ತದೆ, ನೆಟ್‌ವರ್ಕ್ ಹೊರಗಿದ್ದೂ ತೆಗೆದುಕೊಳ್ಳಬಹುದಲ್ಲ! ಬಿಲ್ಲು ಬಂದಾಗ ಆ ಎರಡು ಪ್ರಶ್ನೆಗಳ ನಡುವಿನ ಅಂತರ ಗೊತ್ತಾಗುತ್ತದೆ. ಎಚ್‌ಎಂಒ ಎಂಬ ಬಗೆಯ ಪ್ಲಾನಾದರೆ ಪ್ರೈಮರಿ ಡಾಕ್ಟರ ರೆಫರಲ್ ಸಾಮಾನ್ಯವಾಗಿ ಬೇಕೇ ಬೇಕು, ಪಿಪಿಒ ಎಂಬ ಬಗೆಯದಾದರೆ ನೇರ ಹೋಗಬಹುದು.

ಎರಡನೆಯ ಕ್ಯೂ ಪ್ರಯರ್ ಆಥರೈಸೇಷನ್. ಎಂಆರ್‌ಐ, ಶಸ್ತ್ರಚಿಕಿತ್ಸೆ, ದುಬಾರಿ ಔಷಧಗಳಿಗೆ ವಿಮೆ ಕಂಪನಿ ಮೊದಲೇ ಒಪ್ಪಬೇಕು. ಇದು ನಿಲ್ಲುವುದು ಹೆಚ್ಚಾಗಿ ಕಾಗದದ ಕೊರತೆಯಿಂದ: ಬೆನ್ನಿನ ಎಂಆರ್‌ಐ ಕೇಳಿದ್ದಾರೆ, ಆದರೆ ಅದಕ್ಕೆ ಮೊದಲು ಫಿಸಿಯೋಥೆರಪಿ ಮಾಡಿಸಿದ ದಾಖಲೆ ಜೊತೆಗಿಲ್ಲ. ಕಡತ ಕಳಿಸಿದ ಮೂರನೆಯ ದಿನ ಡಾಕ್ಟರ ಕಚೇರಿಗೆ ಫೋನ್ ಮಾಡಿ ರೆಫರೆನ್ಸ್ ನಂಬರ್ ಪಡೆಯಿರಿ, ಆಮೇಲೆ ಅದೇ ನಂಬರ್ ಹಿಡಿದು ಕಂಪನಿಗೆ ಫೋನ್ ಮಾಡಿ "ಇನ್ನೇನು ಬೇಕು?" ಎಂದು ಕೇಳಿ. ತಡವಾದರೆ ಅಪಾಯ ಎಂದು ಡಾಕ್ಟರ್ ತುರ್ತು ಅರ್ಜಿ ಹಾಕಿದರೆ ಸಾಮಾನ್ಯವಾಗಿ 72 ಗಂಟೆಯೊಳಗೆ ಉತ್ತರ ಬರಬೇಕು. ತಿರಸ್ಕರಿಸಿದರೆ ಕಂಪನಿಯೊಳಗಿನ ಮೇಲ್ಮನವಿಗೆ 180 ದಿನ ಇದೆ, ಅದೂ ಸೋತರೆ ಹೊರಗಿನವರಿಂದ ಪರಿಶೀಲನೆಗೆ ನಾಲ್ಕು ತಿಂಗಳು. ಹೆಚ್ಚಿನವರು ಮೇಲ್ಮನವಿಯನ್ನೇ ಹಾಕುವುದಿಲ್ಲ.

ಉಳಿದ ಕೆಲವು ಕಡೆ

ಕೆನಡಾದಲ್ಲಿ ಸ್ಪೆಷಲಿಸ್ಟ್ ತಲುಪುವುದೇ ಕಷ್ಟ. ಫ್ರೇಸರ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ 2024ರ ಡಾಕ್ಟರುಗಳ ಸಮೀಕ್ಷೆಯ ಪ್ರಕಾರ ಫ್ಯಾಮಿಲಿ ಡಾಕ್ಟರ ರೆಫರಲ್‌ನಿಂದ ಚಿಕಿತ್ಸೆಯವರೆಗೆ ಮಧ್ಯಮ ಅವಧಿ 30 ವಾರ. 1993ರಲ್ಲಿ ಅದು 9.3 ವಾರ ಇತ್ತು. ಇಂಥವರೇ ಬೇಕು ಎಂಬ ರೆಫರಲ್ ಬದಲು, "ಯಾರ ಪಟ್ಟಿ ಚಿಕ್ಕದಿದೆಯೋ ಅವರಿಗೆ" ಎಂದು ಬರೆಸುವುದು ಅಲ್ಲಿನ ಒಳ್ಳೆಯ ಉಪಾಯ. ವಾಕ್-ಇನ್ ಕ್ಲಿನಿಕ್ ಬಗ್ಗೆ ಒಂದು ಸೂಕ್ಷ್ಮ: ಒಂಟಾರಿಯೊದಲ್ಲಿ ನೀವು ಸಹಿ ಹಾಕಿ ಸೇರಿರುವ ಫ್ಯಾಮಿಲಿ ಡಾಕ್ಟರನ್ನು ಬಿಟ್ಟು ಹೊರಗಿನ ವಾಕ್-ಇನ್‌ಗೆ ಪದೇ ಪದೇ ಹೋದರೆ, ಕೆಲವು ಮಾದರಿಯ ಕ್ಲಿನಿಕ್ಕುಗಳಲ್ಲಿ ಅವರ ಬೋನಸ್ ಕಡಿತವಾಗುತ್ತದೆ, ಪಟ್ಟಿಯಿಂದ ನಿಮ್ಮ ಹೆಸರು ತೆಗೆಯುವುದೂ ಉಂಟು. ಮೊದಲು ಅವರದೇ ಸಂಜೆ ಕ್ಲಿನಿಕ್ ಕೇಳಿ. ನರ್ಸ್ ಜೊತೆ ಮಾತಾಡಲು ಬಹುತೇಕ ಪ್ರಾಂತ್ಯಗಳಲ್ಲಿ 811.

ಸ್ವೀಡನ್ನಿನಲ್ಲಿ ಕಾನೂನೇ ಗ್ಯಾರಂಟಿ ಕೊಟ್ಟಿದೆ, 0-3-90-90: ಅದೇ ದಿನ ಸಂಪರ್ಕ, ಮೂರು ದಿನದೊಳಗೆ ವೈದ್ಯಕೀಯ ಪರಿಶೀಲನೆ, 90 ದಿನದೊಳಗೆ ಸ್ಪೆಷಲಿಸ್ಟ್, ಚಿಕಿತ್ಸೆ ನಿರ್ಧಾರವಾದ ಮೇಲೆ ಮತ್ತೆ 90 ದಿನದೊಳಗೆ ಚಿಕಿತ್ಸೆ. ಮೀರಿದರೆ ಬೇರೆ ಪ್ರದೇಶದಲ್ಲಿ ಹೆಚ್ಚಿನ ಖರ್ಚಿಲ್ಲದೆ ಮಾಡಿಸಿಕೊಡಬೇಕು. ಆದರೆ ನಿಮ್ಮೂರಿನ ಆಸ್ಪತ್ರೆಯಲ್ಲೇ ಕಾಯುತ್ತೇನೆ ಎಂದು ನೀವು ಒಪ್ಪಿದರೆ ಗ್ಯಾರಂಟಿ ಬಿದ್ದುಹೋಗುತ್ತದೆ. ಫಾಲೋ-ಅಪ್ ಭೇಟಿಗಳು ಅದರೊಳಗೆ ಬರುವುದೇ ಇಲ್ಲ. ನೆದರ್‌ಲೆಂಡ್ಸ್‌ನಲ್ಲಿ ಟ್ರೇಕ್ ನಾರ್ಮ್ ಎಂಬ ಒಪ್ಪಿತ ಮಿತಿಗಳಿವೆ, ಸ್ಪೆಷಲಿಸ್ಟಿಗೆ ನಾಲ್ಕು ವಾರ. ಅದು ಮೀರಿದರೆ ಆಸ್ಪತ್ರೆಯ ಜೊತೆ ಗುದ್ದಾಡದೆ ನಿಮ್ಮ ವಿಮೆ ಕಂಪನಿಗೆ ಫೋನ್ ಮಾಡಿ. ಬೇಗ ಸಿಗುವ ಕಡೆ ಹುಡುಕಿಕೊಡುವ ವಿಭಾಗ ಅವರಲ್ಲಿದೆ, ಅದಕ್ಕೆ ಶುಲ್ಕವಿಲ್ಲ. ಅಲ್ಲಿನ ಮನೆ ಡಾಕ್ಟರ ಭೇಟಿ ಹತ್ತು ನಿಮಿಷ. ಎರಡು ತೊಂದರೆ ಇದ್ದರೆ ಬುಕ್ ಮಾಡುವಾಗಲೇ ಡಬಲ್ ಸಮಯ ಕೇಳಿ.

ಜಪಾನಿನಲ್ಲಿ ಯಾವ ತಜ್ಞರ ಕ್ಲಿನಿಕ್ಕಿಗಾದರೂ ಇವತ್ತೇ ಹೋಗಬಹುದು, ಬಹುತೇಕರಿಗೆ ಖರ್ಚಿನ ಶೇ 30 ಸ್ವಂತದ್ದು. ದೊಡ್ಡ ಆಸ್ಪತ್ರೆಗಳ ಬಗ್ಗೆ ಅವರದೇ ಒಂದು ಹಳೆಯ ಮಾತಿದೆ: ಮೂರು ಗಂಟೆ ಕಾಯುವುದು, ಮೂರು ನಿಮಿಷ ತೋರಿಸುವುದು. ಗೊತ್ತುಪಡಿಸಿದ ದೊಡ್ಡ ಆಸ್ಪತ್ರೆಗಳಿಗೆ ರೆಫರಲ್ ಪತ್ರ ಇಲ್ಲದೆ ಹೋದರೆ 2022ರ ಅಕ್ಟೋಬರ್‌ನಿಂದ ಕನಿಷ್ಠ 7,000 ಯೆನ್ ಹೆಚ್ಚುವರಿ. ಚಿಕ್ಕ ಕ್ಲಿನಿಕ್ಕಿನಿಂದ ಪತ್ರ ಬರೆಸಿದರೆ ನಿಮ್ಮ ಪಾಲು ಸುಮಾರು 750 ಯೆನ್. ಪತ್ರ ಇದ್ದರೆ ಮೊದಲೇ ಸಮಯ ಗೊತ್ತು ಮಾಡಿಸುವುದೂ ಸುಲಭ. ಹೊಸಬರ ನೋಂದಣಿ ಬಹಳ ಕಡೆ 11 ಗಂಟೆಗೆ ಮುಗಿಯುತ್ತದೆ. ಚಿಕ್ಕ ಕ್ಲಿನಿಕ್ಕುಗಳು ವಾರದ ಮಧ್ಯದಲ್ಲಿ ಒಂದು ಮಧ್ಯಾಹ್ನ ಬಾಗಿಲು ಹಾಕುತ್ತವೆ.

ಆಸ್ಟ್ರೇಲಿಯಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೂರು ದರ್ಜೆ: 30 ದಿನ, 90 ದಿನ, 365 ದಿನ. ನಿಮ್ಮದು ಯಾವುದು ಎಂದು ಕೇಳಿಕೊಳ್ಳಿ. ಕಾಯುವಾಗ ತೊಂದರೆ ಹೆಚ್ಚಾದರೆ ಜಿಪಿಯಿಂದ ಹೊಸ ಪತ್ರ ಬರೆಸಿ ದರ್ಜೆ ಬದಲಿಸಲು ಕೇಳಬೇಕು, ತಾನಾಗಿ ಬದಲಾಗುವುದಿಲ್ಲ. ಜಿಪಿ ಕೊಟ್ಟ ರೆಫರಲ್ 12 ತಿಂಗಳು ನಡೆಯುತ್ತದೆ, ಅದೂ ಸ್ಪೆಷಲಿಸ್ಟನ್ನು ಮೊದಲ ಸಲ ಕಂಡ ದಿನದಿಂದ. ಒಬ್ಬ ಸ್ಪೆಷಲಿಸ್ಟ್ ಇನ್ನೊಬ್ಬರಿಗೆ ಬರೆದದ್ದು ಮೂರೇ ತಿಂಗಳು.

ರೆಫರಲ್ ಕಳೆದುಹೋಗದಂತೆ

ಕಾಯುವುದರಲ್ಲಿ ಅತಿ ಕೆಟ್ಟದ್ದು ಇಲ್ಲದ ಕ್ಯೂನಲ್ಲಿ ನಿಲ್ಲುವುದು. ಫ್ಯಾಕ್ಸ್ ತಲುಪಿರುವುದಿಲ್ಲ (ಕೆನಡಾ, ಅಮೆರಿಕದಲ್ಲಿ ಇನ್ನೂ ಫ್ಯಾಕ್ಸ್ ಜೀವಂತ), ಫೋನ್ ನಂಬರಿನ ಒಂದು ಅಂಕಿ ತಪ್ಪಿರುತ್ತದೆ, ಅಥವಾ ಮಾಹಿತಿ ಸಾಲದು ಎಂದು ಸ್ಪೆಷಲಿಸ್ಟ್ ವಾಪಸ್ ಕಳಿಸಿದ್ದನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ನೀವು ನಾಲ್ಕು ತಿಂಗಳಿಂದ ಕಾಯುತ್ತಿದ್ದೇನೆ ಎಂದುಕೊಂಡಿರುತ್ತೀರಿ, ಪಟ್ಟಿಯಲ್ಲಿ ಹೆಸರೇ ಇಲ್ಲ.

ಅದಕ್ಕೆ ಡಾಕ್ಟರ ಕೋಣೆಯಿಂದ ಹೊರಡುವ ಮೊದಲು ಮೂರು ವಿಷಯ ಬರೆದುಕೊಳ್ಳಿ: ಯಾವ ಆಸ್ಪತ್ರೆಯ ಯಾವ ವಿಭಾಗಕ್ಕೆ ಕಳಿಸಿದ್ದಾರೆ, ತುರ್ತು ಎಂದೋ ಸಾಮಾನ್ಯ ಎಂದೋ, ಎಷ್ಟು ದಿನ ಉತ್ತರ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ರೆಫರಲ್ ಪತ್ರದ ಪ್ರತಿ ಕೇಳಿ. ಎರಡು ವಾರ ಕಳೆದ ಮೇಲೆ ಸ್ಪೆಷಲಿಸ್ಟರ ಕಚೇರಿಗೆ ಫೋನ್ ಮಾಡಿ "ಬಂದಿದೆಯೇ, ಒಪ್ಪಿಕೊಂಡಿದ್ದೀರಾ, ಯಾವ ದರ್ಜೆಯಲ್ಲಿ ಹಾಕಿದ್ದೀರಿ?" ಎಂದು ಕೇಳಿ. ಯಾರ ಜೊತೆ, ಯಾವ ದಿನ ಮಾತಾಡಿದಿರಿ ಎಂದು ಫೋನಿನಲ್ಲೇ ಗುರುತು ಹಾಕಿಕೊಳ್ಳಿ. ರಕ್ತಪರೀಕ್ಷೆ, ಸ್ಕ್ಯಾನ್ ಆಗಬೇಕಿದ್ದರೆ ಭೇಟಿಗೆ ಮೊದಲೇ ಮಾಡಿಸಲು ಸಾಧ್ಯವೇ ಎಂದು ಕೇಳುವುದನ್ನು ಮರೆಯಬೇಡಿ. ಇಲ್ಲವಾದರೆ ಐದು ತಿಂಗಳು ಕಾದು ಕಂಡ ಸ್ಪೆಷಲಿಸ್ಟ್ "ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ, ಮತ್ತೊಂದು ಕ್ಯೂ.

ಎಮರ್ಜೆನ್ಸಿಯಲ್ಲಿ

ಮೊದಲು ಬಂದವರಿಗೆ ಮೊದಲು ಎಂಬುದು ಇಲ್ಲಿ ನಡೆಯುವುದಿಲ್ಲ. ನರ್ಸ್ ಐದು ದರ್ಜೆಯಲ್ಲಿ ವಿಂಗಡಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಗುರಿ ಕ್ರಮವಾಗಿ ತಕ್ಷಣ, 10, 30, 60, 120 ನಿಮಿಷ. ಕೆನಡಾದಲ್ಲಿ ತಕ್ಷಣ, 15, 30, 60, 120. ಕೆಳಗಿನ ದರ್ಜೆಯವರು ರಾತ್ರಿಯಿಡೀ ಕಾಯುವುದೂ ಇದೆ. ಆಂಬುಲೆನ್ಸಿನಲ್ಲಿ ಹೋದರೆ ಬೇಗ ನೋಡುತ್ತಾರೆ ಎಂಬುದು ಸುಳ್ಳು. ವಿಂಗಡಣೆ ಅಲ್ಲೂ ಅದೇ. ಕುಳಿತಿರುವಾಗ ನೋವು ಹೆಚ್ಚಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಎದ್ದು ಹೋಗಿ ನರ್ಸಿಗೆ ಹೇಳಿ, ಮರುವಿಂಗಡಣೆ ಅವರ ಕೆಲಸವೇ. ನೋಡುವವರೆಗೆ ತಿನ್ನಬಹುದೇ ಎಂದು ಕೇಳಿಯೇ ತಿನ್ನಿ, ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ತುಂಬಿರುವುದರಿಂದಲೇ ತಡವಾಗುತ್ತದೆ.

ಎದೆ ಹಿಂಡುವ ನೋವು, ಮುಖದ ಒಂದು ಬದಿ ಜೋಲುವುದು, ಕೈ ಎತ್ತಲಾಗದಿರುವುದು, ನಿಲ್ಲದ ರಕ್ತಸ್ರಾವ, ಪ್ರಜ್ಞೆ ತಪ್ಪುವುದು: ಇವಕ್ಕೆ ಯಾವ ಸಹಾಯವಾಣಿಯನ್ನೂ ಕೇಳುತ್ತ ಕೂರಬೇಡಿ. ಇಂಗ್ಲೆಂಡಿನಲ್ಲಿ 999, ಯುರೋಪಿನಲ್ಲಿ 112, ಅಮೆರಿಕ-ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಜಪಾನಿನಲ್ಲಿ 119. ಪಾರ್ಶ್ವವಾಯು ಎನ್ನಿಸಿದರೆ ಆ ವ್ಯಕ್ತಿ ಕೊನೆಯ ಸಲ ಸರಿಯಾಗಿದ್ದ ಸಮಯ ಬರೆದುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುತ್ತಾರೆ, ಆ ಗಡಿಯಾರ ಶುರುವಾಗುವುದು ಅಲ್ಲಿಂದ. ಅಮೆರಿಕದಲ್ಲಿ 1986ರ ಕಾನೂನಿನಿಂದಾಗಿ ದುಡ್ಡಿದೆಯೇ ಎಂದು ಕೇಳದೆ ಪರೀಕ್ಷಿಸಿ ಸ್ಥಿತಿ ಹದಕ್ಕೆ ತರಬೇಕು. ಬಿಲ್ಲು ಬರುವುದಿಲ್ಲ ಎಂದು ಇದರ ಅರ್ಥವಲ್ಲ.

ಕೈಯಲ್ಲಿ ಒಂದು ಹಾಳೆ

ಹತ್ತು ನಿಮಿಷದ ಭೇಟಿಯಲ್ಲಿ ನಾಲ್ಕು ನಿಮಿಷ ಮಾತ್ರೆಯ ಹೆಸರು ನೆನಪಿಸಿಕೊಳ್ಳುವುದರಲ್ಲಿ ಹೋಗಬಾರದು. ಒಂದು ಹಾಳೆಯಲ್ಲಿ ತೊಂದರೆ ಶುರುವಾದ ದಿನಾಂಕ, ಈಗಿನ ಔಷಧಗಳು, ಅಲರ್ಜಿ, ಹಿಂದಿನ ಶಸ್ತ್ರಚಿಕಿತ್ಸೆ, ಕೇಳಬೇಕಾದ ಎರಡು ಪ್ರಶ್ನೆ ಬರೆದು ಒಯ್ಯಿರಿ. ಔಷಧದ ಬ್ರಾಂಡ್ ಹೆಸರು ಗಡಿ ದಾಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಳಗಿನ ರಾಸಾಯನಿಕದ ಹೆಸರನ್ನೂ ಮಿಲಿಗ್ರಾಂ ಲೆಕ್ಕವನ್ನೂ ಬರೆಯಿರಿ. ಅದರಲ್ಲೂ ಪ್ಯಾರಾಸಿಟಮಾಲ್ ಅಮೆರಿಕ, ಕೆನಡಾ, ಜಪಾನಿನಲ್ಲಿ ಅಸೆಟಮಿನೋಫೆನ್, ಉಬ್ಬಸದ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್. ಗೊತ್ತಿಲ್ಲದೆ ಎರಡನ್ನೂ ನುಂಗಿ ಡೋಸ್ ದುಪ್ಪಟ್ಟಾಗುವುದು ಹೀಗೆಯೇ. ಭಾಷೆ ಬರದಿದ್ದರೆ ದುಭಾಷಿ ಬೇಕೆಂದು ಬುಕ್ ಮಾಡುವಾಗಲೇ ಹೇಳಿ, ಬಂದ ದಿನ ಕೇಳಿದರೆ ಸಿಗುವುದು ಅಪರೂಪ. ಎನ್‌ಎಚ್‌ಎಸ್‌ನಲ್ಲೂ ಅಮೆರಿಕದ ಹೆಚ್ಚಿನ ಆಸ್ಪತ್ರೆಗಳಲ್ಲೂ ಇದಕ್ಕೆ ಶುಲ್ಕ ಇಲ್ಲ.

ಬೇರೆ ಕಡೆ ಬೇಗ ಸಿಕ್ಕಿತು ಎಂದು ಹಳೆಯ ಅಪಾಯಿಂಟ್‌ಮೆಂಟ್‌ಗೆ ಸುಮ್ಮನೆ ಹೋಗದೆ ಇರಬೇಡಿ. ಇಂಗ್ಲೆಂಡಿನಲ್ಲಿ ಹೇಳದೆ ತಪ್ಪಿಸಿದರೆ ಆಸ್ಪತ್ರೆ ನಿಮ್ಮನ್ನು ಜಿಪಿಗೆ ವಾಪಸ್ ಕಳಿಸಬಹುದು, ಅಮೆರಿಕದ ಅನೇಕ ಕ್ಲಿನಿಕ್ಕುಗಳು 24 ಗಂಟೆ ಮೊದಲು ತಿಳಿಸದಿದ್ದರೆ ದಂಡ ಹಾಕುತ್ತವೆ. ಬರೀ ದಿನಾಂಕ ಹೊಂದುವುದಿಲ್ಲ ಎಂದಾದರೆ "ರದ್ದು ಮಾಡಿ" ಎನ್ನಬೇಡಿ, "ಬೇರೆ ದಿನಕ್ಕೆ ಹಾಕಿ" ಎನ್ನಿ. ರದ್ದು ಮಾಡಿದರೆ ಕೆಲವು ಕಡೆ ರೆಫರಲ್ಲೇ ಮುಚ್ಚಿಹೋಗುತ್ತದೆ, ಆಮೇಲೆ ಮತ್ತೆ ಮೊದಲ ಫೋನ್ ಕರೆಯಿಂದ ಶುರು.